ಔಷಧಿಯಲ್ಲದ ಚಮಚ

ಬಾಗಿಲನ್ನು ಯಾರೋ ಬಡಿದರು. ಮೂರು ಬಡಿತ, ಮತ್ತೆ ಮೌನ.

ತಿನ್ನಾ ದೀಪ ಹಾಕಿ, ಹೊಸಿಲು ದಾಟಿ ನೋಡುವಷ್ಟರಲ್ಲಿ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ದೊಡ್ಡ ಬೂಟುಗಳ ಗುರುತು ಹಿಮದಲ್ಲಿ ಬೇಲಿಯವರೆಗೆ ನಡೆದುಹೋಗಿ, ಅಲ್ಲಿಂದ ಬಂದರಿನ ರಸ್ತೆಯತ್ತ ಓಡಿಹೋಗಿತ್ತು. ಮೆಟ್ಟಿಲ ಮೇಲೆ ಒಂದು ಬಾಟಲಿ ನಿಂತಿತ್ತು. ಕಂದು ಗಾಜು, ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೆಂಪು ಉಣ್ಣೆಯ ದಾರದಿಂದ ಬಿಗಿಯಲಾಗಿತ್ತು, ಹೆಸರಿನ ಚೀಟಿ ಇರಲಿಲ್ಲ. ಕೈಗೆತ್ತಿಕೊಂಡರೆ ಇನ್ನೂ ಬೆಚ್ಚಗಿತ್ತು.

ಬಿರಡೆ ಸಡಿಲಿಸಿ ಮೂಸಿದಳು. ಮೀನೆಣ್ಣೆ.

ಅದು ಕ್ರಿಸ್‌ಮಸ್‌ಗೆ ಮುಂಚಿನ ದಿನಗಳು. ಬೆಟ್ಟದ ತುಂಟರು ರಾತ್ರಿಗೊಬ್ಬರಂತೆ ಊರಿಗಿಳಿದು, ಬಾಗಿಲು ಬಡಿದು, ಕಿಟಕಿಯಲ್ಲಿಟ್ಟ ಮಕ್ಕಳ ಬೂಟಿನಲ್ಲಿ ಏನಾದರೊಂದನ್ನು ಹಾಕಿ ಹೋಗುವ ಕಾಲ. ತುಂಟರ ಪಾಲಿನ ಕೆಲಸವನ್ನು ಊರಿನ ದೊಡ್ಡವರೇ ಮಾಡುತ್ತಾರೆಂಬುದು ಗೊತ್ತಿದ್ದ ಯಾರೂ ಇಂಥ ಬಡಿತಕ್ಕೆ ಬೆದರುವುದಿಲ್ಲ. ತಿನ್ನಾ ಬಾಟಲಿಯನ್ನು ಒಳಗೆ ತಂದು ಫ್ರಿಜ್ಜಿನ ಬಾಗಿಲಿನಲ್ಲಿ ನಿಲ್ಲಿಸಿದಳು. ಅಲ್ಲಿ ಅಂಗಡಿಯ ಮೀನೆಣ್ಣೆಯ ಎರಡು ಬಾಟಲಿಗಳು ಆಗಲೇ ಇದ್ದವು. ಅವುಗಳನ್ನು ತಂದವರು ಯಾರೆಂದು ಅವಳು ಯೋಚಿಸಲೂ ಇಲ್ಲ. ಐಸ್‌ಲೆಂಡಿನ ಆ ಮೀನುಗಾರರ ಊರಿನಲ್ಲಿ ಮನೆಯೊಳಗೆ ಮೀನೆಣ್ಣೆ ಏಕಿದೆ ಎಂದು ಕೇಳುವುದೂ ಒಂದೇ, ಉಪ್ಪು ಏಕಿದೆ ಎಂದು ಕೇಳುವುದೂ ಒಂದೇ.

ಅಲ್ಲದೆ ಅವಳ ತಲೆಯ ತುಂಬ ಬೇರೊಂದು ಚಿಂತೆಯಿತ್ತು: ಮಗಳ ಎಡಗೈ.

ಆಸ್ಪತ್ರೆಯ ಕಡತದಲ್ಲಿ ಅವಳು ಸಲ್ಕಾ ಓರ್ರಾದೋತ್ತಿರ್, ಎಂದರೆ ಅಪ್ಪ ಓರ್ರಿಯ ಮಗಳು ಸಲ್ಕಾ; ಒಂಬತ್ತು ವರ್ಷ. ಹುಟ್ಟುವಾಗಲೇ ಮಿದುಳಿಗೆ ಪೆಟ್ಟು ಬಿದ್ದ ಮಗು. ನಡೆಯುವುದಿಲ್ಲ, ಮಾತು ಬಂದಿಲ್ಲ, ಆಗಾಗ ಫಿಟ್ಸ್ ಬರುತ್ತದೆ, ಬಲಗೈಯೂ ಕಾಲುಗಳೂ ಸೆಟೆದುಕೊಂಡಿರುತ್ತವೆ. ಆದರೆ ದೇವರು ಉಳಿದೆಲ್ಲ ಅಂಗಗಳಿಂದ ಕಿತ್ತುಕೊಂಡದ್ದನ್ನು ಆ ಎಡಗೈಯೊಂದಕ್ಕೇ ಧಾರೆಯೆರೆದಿದ್ದ. ಅದು ಕಳ್ಳನ ಕೈ. ಅಂಚೆಯವನ ಪೆನ್ನು, ಪಾದ್ರಿಯ ಟೊಪ್ಪಿಗೆ, ಅಪ್ಪನ ತಟ್ಟೆಯ ರೊಟ್ಟಿ, ಎಲ್ಲಕ್ಕಿಂತ ಹೆಚ್ಚಾಗಿ ಜನರ ಕನ್ನಡಕ. ಗಾಲಿಕುರ್ಚಿಯ ಕೈಯಳತೆಗೆ ಬಂದ ಕನ್ನಡಕ ಮನೆಗೆ ಮರಳಿದ್ದು ಕಡಿಮೆ. ಕದ್ದದ್ದು ತೊಡೆಯ ಮೇಲಿನ ಕಂಬಳಿಯ ಕೆಳಗೆ ಸೇರುತ್ತಿತ್ತು. ಸೇರಿದ ಮರುಕ್ಷಣ ಸಲ್ಕಾ ತಲೆ ವಾಲಿಸಿ, ಕಣ್ಣು ಮುಚ್ಚಿ, ಲೋಕದ ಗೊಡವೆಯೇ ಇಲ್ಲದ ಸಂತರಂತೆ ನಿದ್ದೆ ನಟಿಸುತ್ತಿದ್ದಳು. ಕಳೆದುಕೊಂಡವರು ಮನೆಯೆಲ್ಲ ತಡಕಾಡಿ ಸುಸ್ತಾದಾಗ ಅವಳ ನಗು ಒಡೆಯುತ್ತಿತ್ತು.

ಶರತ್ಕಾಲದಿಂದೀಚೆಗೆ ಆ ಕೈ ಏನನ್ನೂ ಕದ್ದಿರಲಿಲ್ಲ. ಯಾರೋ ಮರೆತುಹೋದ ಕೈಚೀಲದಂತೆ ಕಂಬಳಿಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ನಿದ್ದೆ ಈಗ ನಟನೆಯಾಗಿರಲಿಲ್ಲ. ಹಗಲೆಲ್ಲ ತೂಕಡಿಕೆ, ಊಟ ಬೇಡ, ತಿಂದದ್ದು ನಿಲ್ಲುತ್ತಿರಲಿಲ್ಲ, ನೀರು ಮಾತ್ರ ಎಷ್ಟು ಕೊಟ್ಟರೂ ಸಾಲದು.

ಇದಕ್ಕೆ ಔಷಧಿಗಳಿರಲಿಲ್ಲವೆಂದಲ್ಲ; ಇದ್ದುದೇ ಔಷಧಿಗಳು. ಮೊದಲು ಮನೆಗೆ ಬಂದವು ಫಿಟ್ಸ್ ತಡೆಯುವ ಮಾತ್ರೆಗಳು. ಅವು ಮೂಳೆಯನ್ನು ಸೊರಗಿಸುತ್ತವೆಂದು ಮೂಳೆಯ ಡಾಕ್ಟರು ಡಿ ವಿಟಮಿನ್ ಹನಿಗಳನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಕಳಿಸಿದರು. ಸೆಟೆತಕ್ಕೊಂದು ಬಂತು. ಅದರಿಂದ ಮಲಬದ್ಧತೆಯಾಗಿರಬೇಕೆಂದು ಒಂದು ಪುಡಿ ಬಂತು. ವಾಂತಿಗೊಂದು, ವಾಂತಿಯ ಔಷಧಿಯಿಂದ ಹೊಟ್ಟೆ ಉರಿಯದಿರಲೆಂದು ಇನ್ನೊಂದು. ಹಗಲಿಡೀ ಮಲಗಿದ ಮಗು ರಾತ್ರಿ ಕಣ್ಣು ಬಿಟ್ಟುಕೊಂಡಿರುತ್ತದೆಂದು ನಿದ್ದೆಗೂ ಒಂದು. ಮದುವೆಮನೆಗೆ ಕರೆದವರು ತಮ್ಮ ನೆಂಟರನ್ನೂ, ಆ ನೆಂಟರು ತಮ್ಮ ನೆಂಟರನ್ನೂ ಕರೆತಂದಂತೆ ಅವು ಬಂದು ಅಡುಗೆಮನೆಯ ಕಪಾಟನ್ನು ತುಂಬಿದವು. ಬಂದವು ಬಂದವೇ, ಊಟ ಮುಗಿಸಿ ಎದ್ದುಹೋದದ್ದು ಒಂದೂ ಇಲ್ಲ.

ಬಾಗಿಲು ಬಡಿದ ಮರುದಿನ, ಶನಿವಾರ ಮಧ್ಯಾಹ್ನ, ರಾಜಧಾನಿಯ ಮಕ್ಕಳ ಆಸ್ಪತ್ರೆಯಿಂದ ಫೋನು ಬಂತು. ಡಾಕ್ಟರು ರಾಗ್ನಾ ಮಾತು ತೂಗಿ ಆಡುವ ಹೆಂಗಸು. ಸಲ್ಕಾಳ ರಕ್ತದಲ್ಲಿ ಕ್ಯಾಲ್ಸಿಯಂ ಇರಬೇಕಾದುದಕ್ಕಿಂತ ಬಹಳ ಏರಿದೆ ಎಂದರು. ಬಾಯಾರಿಕೆ, ವಾಂತಿ, ಮಲಬದ್ಧತೆ, ನಿದ್ದೆ, ಎಲ್ಲವೂ ಅದೊಂದರ ಆಟವೇ ಇರಬಹುದು. ಇನ್ನೂ ಏರಿದರೆ ಮೂತ್ರಪಿಂಡ ಕೆಡುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಸೋಮವಾರದ ವಿಮಾನದಲ್ಲಿ ಮಗುವನ್ನು ಕರೆತರಬೇಕು. ಅದಕ್ಕೆ ಮೊದಲೇ ಎದೆಬಡಿತ ಏರುಪೇರಾದರೆ ಅಥವಾ ಎಬ್ಬಿಸಿದರೂ ಏಳದಿದ್ದರೆ, ಆ ಕ್ಷಣವೇ ಕರೆಮಾಡಬೇಕು.

"ಹಾಗಿದ್ರೆ ಈ ಕಪಾಟನ್ನೇ ಎತ್ತಿ ಸಮುದ್ರಕ್ಕೆ ಎಸೀತೀನಿ," ಎಂದಳು ತಿನ್ನಾ.

"ಎಸೀಬೇಡಿ. ಡಿ ಹನಿ, ಕ್ಯಾಲ್ಸಿಯಂ ಮಾತ್ರೆ, ಇವೆರಡು ಇವತ್ತೇ ನಿಲ್ಸಿ. ಫಿಟ್ಸ್ ಮಾತ್ರೆ ಒಂದು ಹೊತ್ತೂ ತಪ್ಪಬಾರದು, ಥಟ್ ಅಂತ ನಿಲ್ಸಿದ್ರೆ ಈಗಿರೋದಕ್ಕಿಂತ ದೊಡ್ಡ ಅಪಾಯ. ಉಳಿದದ್ದನ್ನ ಒಂದೊಂದಾಗಿ ನಾನು ನೋಡ್ತೀನಿ." ರಾಗ್ನಾ ಮುಂದುವರಿಸಿದರು. "ಇನ್ನೊಂದು ಮಾತು, ತಿನ್ನಾ. ನಾವು ಬರೆದಷ್ಟಕ್ಕೇ ಇಷ್ಟು ಏರಬಾರದು. ಬೇರೆ ಏನೋ ಮಗು ಹೊಟ್ಟೆಗೆ ಹೋಗ್ತಿದೆ. ಯಾರು ಹಾಕ್ತಿದಾರೆ, ಪತ್ತೆ ಮಾಡಿ."

ಶಂಕಿತರು ಮೂವರೇ. ಮೂವರೂ ಸಲ್ಕಾಗಾಗಿ ಪ್ರಾಣ ಬಿಡುವವರು. ಪತ್ತೇದಾರಿಗೆ ಇದಕ್ಕಿಂತ ಕಷ್ಟದ ಪ್ರಕರಣವಿಲ್ಲ.

ಮೊದಲನೆಯವನು ಗಂಡ ಓರ್ರಿ, ಮೀನು ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುವವನು. ಮಗುವಿಗೆ ಪಟ್ಟಿಯ ಹೊರಗೆ ಯಾವುದಾದರೂ ಔಷಧಿ ಹಾಕಿದ್ದೀಯಾ ಎಂದು ಕೇಳಿದಾಗ ಅವನು ಎರಡೂ ಕೈಯೆತ್ತಿ ಇಲ್ಲವೆಂದ. ಎರಡನೆಯವರು ಬೇಲಿಯಾಚೆಯ ಮನೆಯಲ್ಲಿದ್ದ ತಿನ್ನಾಳ ತಾಯಿ ಥೋರಾ. ಅವರಿಗೆ ಪ್ರಶ್ನೆಯೇ ಅವಮಾನವೆನಿಸಿತು. "ನಾನು ಮಗೂಗೆ ಕದ್ದು ಔಷಧಿ ಹಾಕೋಳಾ? ನಿನ್ನ ಕಪಾಟು ಮುಟ್ಟಿದ್ರೆ ನನ್ನ ಕೈ ಸೇದಿಹೋಗ್ಲಿ," ಎಂದು ಹೆಣಿಗೆಯ ಕಡ್ಡಿಗಳನ್ನು ಎದೆಗೊತ್ತಿಕೊಂಡರು. ಮೂರನೆಯವರು ತಂದೆ ಬೆರ್ಗುರ್. ನಲವತ್ತು ವರ್ಷ ದೋಣಿಯಲ್ಲಿ ಕಳೆದು, ಈಗ ದಿನವೂ ಮೊಮ್ಮಗಳನ್ನು ಶಾಲೆಯಿಂದ ಬಂದರಿನಲ್ಲಿ ಬಲೆ, ದೋಣಿ ಇಡುವ ತಮ್ಮ ಕೊಟ್ಟಿಗೆಗೆ ತಳ್ಳಿಕೊಂಡುಹೋಗಿ, ಬಲೆ ಹೊಲಿಯುತ್ತ ಕಥೆ ಹೇಳುವ ಮುದುಕ. ಔಷಧಿಯ ಹೆಸರೆತ್ತಿದರೆ ನೆಲಕ್ಕೆ ಉಗುಳುವ ಅಭ್ಯಾಸ. ಅವತ್ತೂ ಉಗುಳಿದರು.

ಮೂವರ ಕಣ್ಣಿನಲ್ಲೂ ಸುಳ್ಳಿರಲಿಲ್ಲ. ಅದೇ ತಿನ್ನಾಳನ್ನು ಕಾಡಿತು.

ಸಂಜೆ ಹಾಲಿಗೆಂದು ಫ್ರಿಜ್ಜಿನ ಬಾಗಿಲು ತೆಗೆದವಳು ಹಾಗೇ ನಿಂತುಬಿಟ್ಟಳು. ಮೂರು ಬಾಟಲಿಗಳು. ಒಂದು ಅರ್ಧ ಖಾಲಿ. ಇನ್ನೊಂದು ತಳ ಕಂಡಿದೆ. ಮೂರನೆಯದು ನಿನ್ನೆ ರಾತ್ರಿಯ ಬೆಚ್ಚಗಿನದು. ಈ ಮನೆಯಲ್ಲಿ ಅವಳು ಮೀನೆಣ್ಣೆ ಕುಡಿಯುವುದಿಲ್ಲ. ಓರ್ರಿಗೆ ಅದರ ವಾಸನೆಯೇ ಆಗದು. ಹಾಗಾದರೆ ಕುಡಿಯುತ್ತಿರುವವರು ಯಾರು?

ನೇರವಾಗಿ ಕೇಳಬಹುದಿತ್ತು. ಆದರೆ ಕ್ಯಾಲ್ಸಿಯಂ, ಮೂತ್ರಪಿಂಡ ಎಂಬ ಮಾತು ಕಿವಿಗೆ ಬಿದ್ದ ಮೇಲೆ, ಹೆದರಿದ ಮನುಷ್ಯ ಒಂದು ಚಮಚವನ್ನು ಅರ್ಧ ಚಮಚವೆನ್ನುತ್ತಾನೆ, ದಿನವೂ ಕೊಟ್ಟದ್ದನ್ನು ಅಪರೂಪಕ್ಕೆ ಎನ್ನುತ್ತಾನೆ. ಡಾಕ್ಟರಿಗೆ ಬೇಕಾದದ್ದು ನಿಜವಾದ ಅಳತೆ. ಭಯದಿಂದ ಬಾಯಿ ಬಿಡದವರು ಜಂಬದಿಂದ ಬಿಡುತ್ತಾರೆ. ತಿನ್ನಾ ರಾಗ್ನಾರಿಗೆ ಫೋನು ಮಾಡಿ, ಮರುದಿನ, ಭಾನುವಾರ, ಒಂದಿಷ್ಟು ಹೊತ್ತು ಬಿಡುವು ಮಾಡಿಕೊಳ್ಳಲು ಸಾಧ್ಯವೇ ಎಂದು ಕೇಳಿದಳು. ಅಲ್ಲಿಯವರೆಗೆ ಮಗುವಿಗೆ ತಾನೇ ತಿನ್ನಿಸುವೆನೆಂದು ಹೇಳಿ, ತನ್ನ ಉಪಾಯವನ್ನೂ ವಿವರಿಸಿದಳು. ಆ ಕಡೆಯಿಂದ ಡಾಕ್ಟರಿಗೆ ತಕ್ಕುದಲ್ಲದ ಒಂದು ನಗು ಕೇಳಿಬಂತು.

ಭಾನುವಾರ ಎಲೆರೊಟ್ಟಿಯ ದಿನ. ಕ್ರಿಸ್‌ಮಸ್‌ಗೆ ಮೊದಲು ಮನೆಮಂದಿಯೆಲ್ಲ ಒಂದೇ ಮೇಜಿನ ಸುತ್ತ ಕೂತು, ಕಾಗದದಷ್ಟು ತೆಳುವಾಗಿ ಲಟ್ಟಿಸಿದ ದುಂಡನೆಯ ರೊಟ್ಟಿಗಳಲ್ಲಿ ಚಾಕುವಿನ ತುದಿಯಿಂದ ಎಲೆಗಳ ಚಿತ್ತಾರ ಕೊರೆದು, ಕುದಿಯುವ ಕೊಬ್ಬಿನಲ್ಲಿ ಕರಿಯುತ್ತಾರೆ. ಎಲ್ಲರ ಕೈಯಲ್ಲೂ ಚಾಕು, ಎಲ್ಲರ ಕಣ್ಣೂ ಪಕ್ಕದವರ ರೊಟ್ಟಿಯ ಮೇಲೆ. ಶಂಕಿತರನ್ನು ಒಂದೆಡೆ ಕೂರಿಸಲು ಇದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ. ಸಲ್ಕಾ ಗಾಲಿಕುರ್ಚಿಯಲ್ಲಿ ತೂಕಡಿಸುತ್ತಿದ್ದಳು. ಹಿಟ್ಟು ಮುಚ್ಚಿದ ಒದ್ದೆ ಬಟ್ಟೆಯ ಪಕ್ಕದಲ್ಲಿ ಇನ್ನೊಂದು ಒಣ ಬಟ್ಟೆ ಗುಪ್ಪೆಯಾಗಿ ಬಿದ್ದಿತ್ತು. ಅದರ ಕೆಳಗೆ ತಿನ್ನಾಳ ಮೊಬೈಲಿದೆಯೆಂದು ಉಳಿದವರಿಗೆ ತಿಳಿಯದು.

"ಆಸ್ಪತ್ರೆಯಿಂದ ಫೋನ್ ಬಂದಿತ್ತು," ಎಂದಳು ತಿನ್ನಾ, ರೊಟ್ಟಿಯಿಂದ ಕಣ್ಣೆತ್ತದೆ. "ಮೀನೆಣ್ಣೆ ವಿಷ್ಯ ಕೇಳಿದ್ರು. ಮೀನು ಹಿಡಿಯೋ ಊರಲ್ಲಿದ್ಕೊಂಡು ಈ ಮಗೂಗೆ ಒಂದು ಚಮಚ ಮೀನೆಣ್ಣೆ ಹಾಕೋರೂ ದಿಕ್ಕಿಲ್ವಾ, ಅಂತ."

ಥೋರಾರ ಚಾಕು ಎಲೆಯೊಂದರ ನಡುವೆ ನಿಂತಿತು.

"ಯಾರಿಗೆ ದಿಕ್ಕಿಲ್ಲ? ದಿನಾ ಬೆಳಗ್ಗೆ, ನೀನಿನ್ನೂ ತಲೆ ಬಾಚ್ಕೊಳೋ ಹೊತ್ತಿಗೆ, ಗಂಜೀಲಿ ತುಂಬಿದ ಚಮಚ ಕಲಸಿ ತಿನ್ನಿಸ್ತಿರೋಳು ಮತ್ಯಾರು? ಇವತ್ತು ನೀನೇ ತಿನ್ನಿಸ್ತೀನಿ ಅಂದೆ, ಇಲ್ದಿದ್ರೆ ಒಂದಿನ ತಪ್ಸಿಲ್ಲ."

"ಬೆಳಗ್ಗೆ ನೀವು ಹಾಕ್ತಿದೀರಾ?" ಓರ್ರಿ ತಲೆಯೆತ್ತಿದ. "ರಾತ್ರಿ ನಾನ್ ಹಾಕ್ತಿದೀನಲ್ಲ. ಶರತ್ಕಾಲದಿಂದ ಮಗು ಸೊರಗ್ತಿದೆ ಅಂತ ಒಂದಿದ್ದದ್ದನ್ನ ಎರಡು ಮಾಡ್ದೆ. ಮೂಗು ಹಿಡ್ಕೊಂಡು ಹಾಕ್ತೀನಿ. ನನ್ನ ಮೂಗು."

ಬೆರ್ಗುರ್ ಮಾತ್ರ ಅವಸರಪಡಲಿಲ್ಲ. ತಮ್ಮ ರೊಟ್ಟಿಯ ಕೊನೆಯ ಎಲೆಯನ್ನು ಮಡಿಸಿ, ಅಳಿಯನನ್ನೂ ಹೆಂಡತಿಯನ್ನೂ ಕನಿಕರದಿಂದ ನೋಡಿದರು.

"ನಿಮ್ಮದು ಅಂಗಡಿ ನೀರು. ಆ ಡಾಕ್ಟರಿಗೆ ಹೇಳು, ಮಧ್ಯಾಹ್ನ ಕೊಟ್ಟಿಗೇಲಿ ನನ್ನ ಮೊಮ್ಮಗಳು ಕುಡಿಯೋದು ನಿಜವಾದದ್ದು. ಕಾಡ್ ಮೀನಿನ ಲಿವರ್ ನಾನೇ ಒಲೆ ಮೇಲೆ ಕರಗಿಸ್ತೀನಿ. ನಂದು ಸಾರಿನ ಸೌಟು. ಮನೇಲೂ ಇರ್ಲಿ ಅಂತ ಮೊನ್ನೆ ರಾತ್ರಿ ಒಂದು ಬಾಟ್ಲಿ ಬಾಗಿಲಿಗೆ ಇಟ್ಟು ಬಂದೆ."

ಥೋರಾ ನಿಧಾನವಾಗಿ ಗಂಡನತ್ತ ತಿರುಗಿದರು. ಆ ನಾತ ಮನೆಯ ಹತ್ತಿರ ಸುಳಿಯಕೂಡದೆಂದು ಅವರು ಎಂದೋ ಆಜ್ಞೆ ಮಾಡಿದ್ದರು. ಬೂಟುಗಳು ಹಿಮದಲ್ಲಿ ಓಡಿದ್ದೇಕೆಂಬುದು ತಿನ್ನಾಳಿಗೆ ಈಗ ಸ್ಪಷ್ಟವಾಯಿತು.

"ಒಂದು ಸೌಟು ಅಂದ್ರೆ ಎಷ್ಟು ಹಿಡಿಯುತ್ತೆ, ಬೆರ್ಗುರ್?" ಎಂದಿತು ಒಣ ಬಟ್ಟೆ.

ಓರ್ರಿಯ ಚಾಕು ನೆಲಕ್ಕೆ ಬಿತ್ತು. ಬೆರ್ಗುರ್ ತಮಗರಿವಿಲ್ಲದೆಯೇ ಎದ್ದು ನಿಂತು, ಬಟ್ಟೆಯ ಗುಪ್ಪೆಯ ಮುಂದೆ ಟೊಪ್ಪಿಗೆ ತೆಗೆದರು.

"ನಾನು ರಾಗ್ನಾ, ಆಸ್ಪತ್ರೆಯಿಂದ. ಹೇಳಿ, ಅಳತೆ ಎಷ್ಟು?"

"ಅಳತೆ ಯಾಕಮ್ಮ?" ಎಂದರು ಬೆರ್ಗುರ್, ನಿಜವಾದ ಅಚ್ಚರಿಯಿಂದ. "ಅದೇನು ಔಷಧೀನಾ?"

ಮೂವರೂ ಆಣೆಯಿಟ್ಟು ನುಡಿದದ್ದು ನಿಜವೇ ಆಗಿತ್ತು. ಔಷಧಿ ಹಾಕಿದಿರಾ ಎಂದು ಕೇಳಿದರೆ ಆ ನಾಡಿನಲ್ಲಿ ಮೀನೆಣ್ಣೆಯನ್ನು ಯಾರೂ ನೆನೆಯುವುದಿಲ್ಲ. ಅದು ಅಜ್ಜಿಯ ಪ್ರೀತಿ, ಕತ್ತಲೆಯ ತಿಂಗಳುಗಳ ಬಿಸಿಲು. ಡಿ ವಿಟಮಿನ್ನು ಮೈಗೆ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ, ಮೀನೆಣ್ಣೆಯ ತುಂಬ ಇರುವುದು ಅದೇ ಡಿ, ಜೊತೆಗೆ ಎ, ಎಂದು ರಾಗ್ನಾ ವಿವರಿಸಿದರು. ಬೇರೆ ಮಕ್ಕಳು ಓಡಿಯಾಡುತ್ತಾರೆ. ಕೂತಲ್ಲೇ ಕೂರುವ ಮಗುವಿನ ಮೂಳೆ ತನ್ನಲ್ಲಿರುವ ಕ್ಯಾಲ್ಸಿಯಮ್ಮನ್ನೂ ರಕ್ತಕ್ಕೆ ಬಿಟ್ಟುಕೊಡುತ್ತದೆ. ಬೇರೆಯವರಿಗೆ ಒಂದು ಚಮಚ ಬರೀ ಒಂದು ಚಮಚ; ಸಲ್ಕಾಗೆ ಅದು ತುಂಬಿದ ದೋಣಿಗೆ ಹತ್ತಿದ ಇನ್ನೊಬ್ಬ ಪ್ರಯಾಣಿಕ.

ಥೋರಾ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡರು. "ನಾವೇ ಮಗೂನ..." ಎಂದರು.

"ನೀವೊಬ್ರೇ ಅಲ್ಲ," ಎಂದಿತು ಬಟ್ಟೆ. "ನಿನ್ನೆ ರಾತ್ರಿ ಕೂತು ಎಲ್ಲಾ ನೋಡ್ದೆ. ಮೂಳೆ ಡಾಕ್ಟರು ಡಿ ಹನಿ ಬರೆದ್ರು. ಊಟದ ವಿಭಾಗದವರು ತೂಕ ಏರ್ಲಿ ಅಂತ ಕೊಟ್ಟ ಹಾಲಿನ ಪುಡೀಲೂ ಅದೇ ಡಿ ಇದೆ, ಹೆಸರು ಮಾತ್ರ ಬೇರೆ. ವಾಂತಿಗೆ ಬರ್ಕೊಟ್ಟವಳು ನಾನೇ. ಅದು ನಿದ್ದೆ ಹೆಚ್ಚಿಸ್ತು. ನಮ್ಮ ಕೈಯಲ್ಲೂ ಚಮಚ ಇತ್ತು. ಒಬ್ಬರ ಚಮಚ ಇನ್ನೊಬ್ಬರಿಗೆ ಕಾಣ್ಲಿಲ್ಲ, ಅಷ್ಟೇ."

ಮೀನೆಣ್ಣೆ ಆ ಕ್ಷಣಕ್ಕೇ ನಿಂತಿತು, ಹಾಲಿನ ಪುಡಿಯೂ ನಿಂತಿತು. ಸೋಮವಾರ ಸಲ್ಕಾ ರಾಜಧಾನಿಗೆ ಹಾರಿದಳು. ಕ್ರಿಸ್‌ಮಸ್ಸನ್ನು ಅವಳು ಕೈಗೆ ಡ್ರಿಪ್ ಚುಚ್ಚಿಸಿಕೊಂಡು ಕಳೆದಳು. ಎಲೆರೊಟ್ಟಿಗಳು ಡಬ್ಬದಲ್ಲಿ ಕಾದವು. ಕ್ಯಾಲ್ಸಿಯಂ ಮೆಲ್ಲಗೆ ಇಳಿಯಿತು. ಮನೆಗೆ ಮರಳಿದ ಮೇಲೆ ಔಷಧಿಗಳ ವಿದಾಯ ಶುರುವಾಯಿತು. ಹಬ್ಬ ಮುಗಿದಂತೆ ತುಂಟರು ಬಂದ ಸರದಿಯಲ್ಲೇ ಒಬ್ಬೊಬ್ಬರಾಗಿ ಬೆಟ್ಟಕ್ಕೆ ಮರಳುತ್ತಾರಷ್ಟೆ; ಇವೂ ಹಾಗೇ ಹೊರಟವು, ಆದರೆ ಇನ್ನೂ ನಿಧಾನವಾಗಿ. ಒಂದನ್ನು ಇಳಿಸಿ, ಕಾದು, ನೋಡಿ, ಆಮೇಲೆ ಮತ್ತೊಂದು. ಎರಡನ್ನು ಒಟ್ಟಿಗೇ ಕಳಿಸಿದರೆ ಮಗುವಿನಲ್ಲಾದ ಬದಲಾವಣೆ ಯಾವುದರಿಂದೆಂದು ತಿಳಿಯದು ಎಂದಿದ್ದರು ರಾಗ್ನಾ. ವಾಂತಿಯದು ಹೋಯಿತು. ಅದರ ಹಿಂದೆ ಹೊಟ್ಟೆಯುರಿಯದು. ನಿದ್ದೆಯದು ಕಡೆಗೆ. ಫಿಟ್ಸ್ ಮಾತ್ರೆಗಳು ಮನೆಯ ಯಜಮಾನರಂತೆ ತಮ್ಮ ಜಾಗದಲ್ಲೇ ಕೂತವು.

ಸಲ್ಕಾ ಕಣ್ಣು ಬಿಟ್ಟಳು. ಗಂಜಿ ತಿಂದಳು, ಎರಡನೆಯ ಬಟ್ಟಲಿಗೆ ಬಾಯಿ ತೆರೆದಳು. ಎಲ್ಲರೂ ಹಿಗ್ಗಿದರು. ತಿನ್ನಾ ಮಾತ್ರ ದಿನವೂ ಆ ಎಡಗೈಯನ್ನು ನೋಡುತ್ತಿದ್ದಳು. ಅದು ಕಂಬಳಿಯ ಮೇಲೆ ಸುಮ್ಮನೆ ಬಿದ್ದಿತ್ತು. ಬೇಕೆಂದೇ ಅದರ ಪಕ್ಕದಲ್ಲಿ ಚಮಚ, ಬಾಚಣಿಗೆ, ಅಂಚೆಯವನ ಪೆನ್ನು ಇಟ್ಟು ನೋಡಿದಳು. ಇಟ್ಟದ್ದು ಇಟ್ಟಲ್ಲೇ ಉಳಿಯಿತು. ಮಗಳು ಮರಳಿದ್ದಳು, ಕಳ್ಳಿ ಮರಳಿರಲಿಲ್ಲ.

ಫೆಬ್ರವರಿಯಲ್ಲಿ ರಾಗ್ನಾ ಸುತ್ತಲ ಊರುಗಳ ಮಕ್ಕಳನ್ನು ನೋಡಲು ಬಂದವರು ಮನೆಗೂ ಬಂದರು. ಬೆರ್ಗುರ್ ತಮ್ಮ ಕೊಟ್ಟಿಗೆಯ ಕಟ್ಟಕಡೆಯ ಬಾಟಲಿಯನ್ನು, ಯುದ್ಧದಲ್ಲಿ ಸೋತವರು ಕತ್ತಿ ಒಪ್ಪಿಸುವಂತೆ, ಅವರ ಮುಂದೆ ಮೇಜಿನ ಮೇಲಿಟ್ಟರು. ಪರೀಕ್ಷೆಗೆ ಕಳಿಸಿ ನೋಡೋಣ, ಇದರಲ್ಲೇನಿತ್ತೆಂದು ಎಲ್ಲರಿಗೂ ತಿಳಿಯಲಿ ಎಂದರು ರಾಗ್ನಾ. ಕಾಫಿ ಬಂತು, ಬೆಣ್ಣೆ ಸವರಿದ ಒಣಮೀನು ಬಂತು. ಅಷ್ಟರಲ್ಲಿ ಬಂದರಿನಿಂದ ಹಡಗಿನ ಕೂಗು ಕೇಳಿತು. ಋತುವಿನ ಮೊದಲ ದೊಡ್ಡ ಮೀನಿನ ಹೊರೆ ಹೊತ್ತ ಹಡಗು ಒಳಬರುತ್ತಿತ್ತು. ಆ ಊರಿನಲ್ಲಿ ಇದಕ್ಕೆ ಕಿಟಕಿಗೆ ಹೋಗದವರು ಸತ್ತವರು ಮಾತ್ರ. ಎಲ್ಲರೂ ಎದ್ದರು, ನೋಡಿದರು, ಮರಳಿ ಬಂದು ಕೂತರು.

ಬಾಟಲಿ ಇರಲಿಲ್ಲ.

ಕಣ್ಣುಗಳೆಲ್ಲ ಮೊದಲು ಬೆರ್ಗುರ್ ಕಡೆ ಹೊರಳಿದವು, ಆಮೇಲೆ ಥೋರಾರ ಕಡೆ, ಆಮೇಲೆ ಓರ್ರಿಯ ಕಡೆ. ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು.

ರಾಗ್ನಾ ಕಾಫಿಯ ಬಟ್ಟಲನ್ನು ಕೆಳಗಿಟ್ಟರು. ಅವರ ದನಿಯಲ್ಲಿ ನಗುವಿರಲಿಲ್ಲ. "ಈ ಮನೇಲಿ ಯಾರೋ ಒಬ್ಬರಿಗೆ ಇನ್ನೂ ಆಸೆ ಇದೆ. ಒಂದೇ ಚಮಚ ಅಂತ ಮತ್ತೆ ಶುರುವಾದ್ರೆ, ಮುಂದಿನ ಸಲ ಮೂತ್ರಪಿಂಡ ಉಳಿಯುತ್ತೆ ಅಂತ ನಾನು ಮಾತು ಕೊಡಲ್ಲ. ತಗೊಂಡವರು ಯಾರು ಅಂತ ತಿಳಿಯದೆ ನಾನು ವಿಮಾನ ಹತ್ತೋದಿಲ್ಲ."

ಬೆರ್ಗುರ್ ಜೇಬುಗಳನ್ನು ಬುಡಮೇಲು ಮಾಡಿದರು. ಒಣಮೀನಿನ ಚೂರು, ಬಲೆಯ ಸೂಜಿ, ಮೂರು ಗುಂಡಿ. ಥೋರಾ ತಮ್ಮ ಹೆಣಿಗೆಯ ಚೀಲವನ್ನು ತಾವೇ ಕೊಡವಿದರು. ಉಣ್ಣೆಯ ಉಂಡೆಗಳು ನೆಲದ ಮೇಲೆಲ್ಲ ಉರುಳಿದವು. ಓರ್ರಿ ಅಂಗಿಯನ್ನೇ ಕಳಚಿ ತೋರಿಸಲು ಹೋಗಿ ಅತ್ತೆಯಿಂದ ಬೈಸಿಕೊಂಡ. "ನೀನೇ ಕಣೋ, ಬಾಟ್ಲಿ ಇಟ್ಟು ಓಡಿ ಬಂದ ಕಾಲು ನಿಂದು," ಎಂದು ಥೋರಾ ಗಂಡನನ್ನು ತರಾಟೆಗೆ ತೆಗೆದುಕೊಂಡರು. ಮೊಮ್ಮಗಳ ತಲೆಯ ಮೇಲಾಣೆ ತಾನಲ್ಲವೆಂದು ಹೇಳುವಾಗ ಮುದುಕನ ಕಣ್ಣು ತುಂಬಿತು. ಈ ಗದ್ದಲಕ್ಕೆ ಬೇಸತ್ತಂತೆ ಸಲ್ಕಾ ಮೇಜಿನ ಪಕ್ಕದ ಗಾಲಿಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದಳು.

ತಿನ್ನಾ ಉರುಳಿದ ಉಂಡೆಗಳನ್ನು ಹೆಕ್ಕತೊಡಗಿದಳು. ಇಷ್ಟೆಲ್ಲ ಆದ ಮೇಲೂ, ಈ ಮೂವರಲ್ಲೇ ಒಬ್ಬರು.

"ಇರಲಿ, ನಾನು ಬರೆದಿಟ್ಕೋತೀನಿ," ಎಂದ ರಾಗ್ನಾ ಮೇಜಿನ ಮೇಲೆ ಕೈಯಾಡಿಸಿದರು. ತಟ್ಟೆಯ ಆಚೆ, ಈಚೆ. ತಮ್ಮ ತಲೆಯ ಮೇಲೆ ಮುಟ್ಟಿ ನೋಡಿಕೊಂಡರು. ಬಗ್ಗಿ ಕುರ್ಚಿಯ ಕೆಳಗೆ ಇಣುಕಿದರು. "ಇಲ್ಲೇ ಇಟ್ಟಿದ್ದೆ. ನನ್ನ ಕನ್ನಡಕ ಎಲ್ಲಿ?"

ತಿನ್ನಾ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಕುಸಿದು ಕೂತಳು. ಅವಳ ಭುಜಗಳು ಅದುರುತ್ತಿದ್ದವು. ಮಗಳು ಅಳುತ್ತಿದ್ದಾಳೆಂದು ಥೋರಾ ಓಡಿಬಂದು ಬೆನ್ನು ಸವರಿದರು. ಕೈ ಸರಿಸಿದರೆ, ಕಣ್ಣೀರೇನೋ ಇತ್ತು. ಆದರೆ ತಿನ್ನಾಳಿಗೆ ನಗು ತಡೆಯಲಾಗುತ್ತಿರಲಿಲ್ಲ.

"ಗೊತ್ತಾಯ್ತು," ಎಂದಳು. "ಯಾರು ಅಂತ ಗೊತ್ತಾಯ್ತು."

"ಯಾರು?" ಎಂದರು ರಾಗ್ನಾ. "ಪೂರ್ತಿ ಹೆಸರು ಹೇಳಿ."

"ಸಲ್ಕಾ ಓರ್ರಾದೋತ್ತಿರ್."